ಎರಡನೆಯ ಡ್ರಮ್ಮಿನ ನೀಲಿ ಉರಿ

ಮಾವನ ಬಿಯರ್ ಕಾರ್ಖಾನೆಯ ಹಿಂದಿನ ಕೋಣೆ ಸೊಸೆಯ ಪಾಲಿಗೆ ಉಳಿಯುವುದೋ, ಖಾಲಿ ಬಾಟಲಿಗಳ ಪಾಲಾಗುವುದೋ ಎಂಬುದು ಆ ಮಧ್ಯಾಹ್ನ ತೀರ್ಮಾನವಾಗಬೇಕಿತ್ತು. ರಸ ತೆಗೆದು ಬಿಸಾಡಿದ ಬಾರ್ಲಿಯ ಚರಟವನ್ನು ಡ್ರಮ್ಮುಗಳಲ್ಲಿ ಹುಳಿ ಬರಿಸಿ ಹೈಡ್ರೋಜನ್ ತೆಗೆಯಲು ಅವಳು ಮೂರು ವರ್ಷ ಅಲ್ಲಿ ಹೆಣಗಿದ್ದಳು. ಹುಳಿ ಬರಿಸಲು ಹೆಪ್ಪಿನಂತೆ ಬೆರೆಸುವ ಕೆಸರನ್ನು ಮೊದಲು ಚೆನ್ನಾಗಿ ಕುದಿಸಬೇಕು. ಇಲ್ಲದಿದ್ದರೆ ಅದರೊಳಗಿನ ಬೇಡದ ಸೂಕ್ಷ್ಮಜೀವಿಗಳು ಹೈಡ್ರೋಜನ್ನನ್ನೆಲ್ಲ ತಿಂದು ಮೀಥೇನ್ ಬಿಡುತ್ತವೆ. ಅಂದರೆ ಯಾವ ತಿಪ್ಪೆಗುಂಡಿಯಲ್ಲಾದರೂ ಪುಕ್ಕಟೆ ಹುಟ್ಟುವ ಅನಿಲ.

ಮೊದಲನೆಯ ಡ್ರಮ್ಮು ಅವಳದು. ಎರಡನೆಯದನ್ನು ಕೆಲಸ ಕಲಿಯಲೆಂದು ಮೈದುನನಿಗೆ ಕೊಟ್ಟಿದ್ದಳು.

ಮಾವ ಬಂದು ಕುರ್ಚಿ ಎಳೆದುಕೊಂಡರು. ಹಿಂದೆ ಇಬ್ಬರು ಮೇಸ್ತ್ರಿಗಳು ನಿಂತರು. ಅವಳು ತನ್ನ ಡ್ರಮ್ಮಿಗೆ ಜೋಡಿಸಿದ ಬರ್ನರ್ ಹೊತ್ತಿಸಿದಳು. ಕಿಟಕಿಯ ಬಿಸಿಲಿನಲ್ಲಿ ಏನೂ ಕಾಣಲಿಲ್ಲ.

"ಬೆಂಕಿ ಎಲ್ಲಿದೆಯಮ್ಮಾ?"

"ಉರೀತಾ ಇದೆ ಮಾವ. ಹೈಡ್ರೋಜನ್ ಉರಿ ಹಗಲಲ್ಲಿ ಕಣ್ಣಿಗೆ ಬೀಳಲ್ಲ."

"ಕಣ್ಣಿಗೆ ಬೀಳದ್ದನ್ನ ನೋಡೋಕೆ ಅಂತ ನನ್ನ ಕರೆಸಿದ್ಯಾ?" ಎನ್ನುತ್ತ ಮಾವ ಬೆರಳು ಚಾಚಿದರು. ಅವಳು ಗಾಬರಿಯಿಂದ ಅವರ ಕೈಹಿಡಿದು ಎಳೆದಳು. ಸೊಸೆ ಮಾವನ ಕೈ ಎಳೆದದ್ದು ಮಾತ್ರ ಎಲ್ಲರ ಕಣ್ಣಿಗೂ ಚೆನ್ನಾಗಿ ಬಿತ್ತು.

ಅವಳು ಬರ್ನರಿನ ಮೇಲೆ ಒಂದು ಕಾಗದದ ಚೂರು ಹಿಡಿದು ತೋರಿಸಿದಳು. ಅದು ಹೊತ್ತಿಕೊಂಡಿತು.

"ಕಾಗದ ಉರಿಯುತ್ತೆ ಅಂತ ನನಗೂ ಗೊತ್ತಮ್ಮಾ," ಎಂದರು ಮಾವ.

ಆಮೇಲೆ ಮೈದುನ ತನ್ನದನ್ನು ಹೊತ್ತಿಸಿದ. ಗೇಣುದ್ದದ ನೀಲಿ ಉರಿ ಭುಗ್ಗೆಂದು ಎದ್ದಿತು. ಅದನ್ನು ಕಂಡದ್ದೇ ಅವಳಿಗೆ ತಿಳಿಯಿತು, ಮಹಾರಾಯ ಕೆಸರು ಕುದಿಸಿಯೇ ಇಲ್ಲ.

"ಶಹಬ್ಬಾಸ್! ಇದಪ್ಪಾ ಬೆಂಕಿ ಅಂದ್ರೆ!"

"ಮಾವ, ಅದು ಹೈಡ್ರೋಜನ್ ಅಲ್ಲ. ಬರೀ ಮೀಥೇನ್."

"ಮೈದುನ ಮುಂದೆ ಬಂದ ಅಂತ ಹೊಟ್ಟೆ ಉರ್ಕೋಬಾರದಮ್ಮಾ. ಆ ಉರಿ ಹಗಲಲ್ಲೂ ಕಾಣುತ್ತೆ."

ಮೇಸ್ತ್ರಿಗಳು ನಗು ನುಂಗಿಕೊಂಡರು. ಕೋಣೆ ಉಳಿಯಿತು, ಮೈದುನನ ಹೆಸರಿಗೆ. ಇಂಥವೇ ಹತ್ತು ಡ್ರಮ್ಮು ಹೂಡಬೇಕು, ಸೊಸೆ ಅವನ ಕೈಕೆಳಗೆ ಇದ್ದು ಕಲಿಯಬೇಕು ಎಂದು ಅಪ್ಪಣೆ ಕೊಟ್ಟು ಮಾವ ಎದ್ದು ಹೋದರು. ಮೇಸ್ತ್ರಿಗಳೂ ಹಿಂದೆಯೇ ಹೋದರು.

ಅವಳು ತನ್ನ ಬರ್ನರಿನ ತಿರುಪು ಮುಚ್ಚಿದಳು. ಉರಿ ಆರಿದ್ದೂ ಕಾಣಲಿಲ್ಲ.

ಮೈದುನ ತಲೆ ಕೆರೆದುಕೊಳ್ಳುತ್ತ ಹತ್ತಿರ ಬಂದ. "ಅತ್ತಿಗೆ, ಬೈಬೇಡಿ. ಕುದಿಸೋದು ಮರ್ತೇ ಹೋಗಿತ್ತು."

"ಗೊತ್ತಾಯ್ತು."

"ಈಗ ಹತ್ತು ಡ್ರಮ್ ಅಂತಾರಲ್ಲ ಅಪ್ಪ. ಹತ್ತರಲ್ಲೂ ಮರೀಬೇಕಾ?"

ಅವಳು ಬಾಗಿಲಿನತ್ತ ಒಮ್ಮೆ ನೋಡಿ, ಕೆಸರಿನ ಪಾತ್ರೆಯನ್ನು ಒಲೆಯ ಮೇಲಿಟ್ಟಳು.

"ಒಂಬತ್ತರಲ್ಲಿ ಮರೆತ್ಬಿಡು," ಎಂದಳು. "ಹತ್ತನೇದು ನನಗೆ ಬಿಡು."