ಆನೆ ಹತ್ತಿದ ಮೆಟ್ಟಿಲು

ನನ್ನ ಮನೆಯ ಮುಂದಿನ ಮೆಟ್ಟಿಲುಗಳನ್ನು ಒಂದು ಆನೆ ಹತ್ತಿ ಇಳಿದಿದೆ. ಮರಿಯಾನೆಯಲ್ಲ, ತುಂಬು ಬಸುರಿ ಆನೆ. ಸರ್ಕಸ್ಸಿನವರ ಲಾರಿ ನಮ್ಮ ಹೆದ್ದಾರಿಯಲ್ಲಿ ಕೆಟ್ಟು ನಿಂತಿತ್ತು. ನನ್ನ ಹೆಂಡತಿ ನೆಲ್ಡಾ ಜಗಲಿಯಲ್ಲಿ ಆರಲಿಟ್ಟಿದ್ದ ಪೆಕಾನ್ ಪೈ ಎಂಬ ಸಿಹಿತಿಂಡಿಯ ವಾಸನೆ ಹಿಡಿದು ಅದು ಸೀದಾ ಅಂಗಳಕ್ಕೆ ಬಂತು, ಏಳು ಮೆಟ್ಟಿಲು ಹತ್ತಿತು, ಪೈ ತಿಂದಿತು, ಸೊಂಡಿಲಿನಿಂದ ನೆಲ್ಡಾಳ ಕೆನ್ನೆ ಸವರಿತು, ಬಂದ ಹಾಗೆಯೇ ಹಿಮ್ಮುಖವಾಗಿ ಇಳಿದು ಹೋಯಿತು. ಒಂದು ಹಲಗೆಯೂ ಕಿರ್ ಎನ್ನಲಿಲ್ಲ. ಯಾಕೆನ್ನಬೇಕು? ಕಟ್ಟಿದವನು ನಾನು, ಡೆಲ್ಮರ್ ಗೀಡ್ರಿ. ಸಬೀನ್ ಸರೋವರದಿಂದ ಮೆಕ್ಸಿಕೋ ಗಡಿಯವರೆಗೆ ನನ್ನಂಥ ಬಡಗಿ ಇಲ್ಲ. ಗಡಿಯ ಆಚೆ ಒಬ್ಬನಿದ್ದನಂತೆ. ನನ್ನ ಮೆಟ್ಟಿಲಿನ ಫೋಟೋ ನೋಡಿದ ದಿನವೇ ಉಳಿ ಎಸೆದು ಬೇಕರಿ ಇಟ್ಟನಂತೆ.

ಅಂಥ ಮೆಟ್ಟಿಲಿನಿಂದ ನನ್ನ ಪ್ರಾಣಸ್ನೇಹಿತ ರಾಯ್ಸ್ ಬಿದ್ದು ಸೊಂಟ ಮುರಿದುಕೊಂಡ. ಬಿದ್ದದ್ದನ್ನು ಕ್ಷಮಿಸಿಬಿಡಬಹುದಿತ್ತು. ಆದರೆ ಬಿದ್ದವನು ಎದ್ದು, ಅಂದರೆ ವಾಕರ್ ಹಿಡಿದುಕೊಂಡು ಎದ್ದು, ನನ್ನ ಮೇಲೆ ಕೇಸು ಹಾಕಿದ.

ಈ ರಾಯ್ಸ್ ಯಾರು ಎಂದು ಮೊದಲು ಹೇಳಬೇಕು. ಶಾಲೆಯಲ್ಲಿ ನನ್ನ ಬೆಂಚಿನವನು. ದೊಡ್ಡ ಚಂಡಮಾರುತದಲ್ಲಿ ನಮ್ಮೂರು ಮುಳುಗಿದಾಗ ಸೂರಿನ ಮೇಲೆ ಕೂತಿದ್ದ ಅವನನ್ನು ಬೆನ್ನಿಗೆ ಹಾಕಿಕೊಂಡು, ಅವನ ನಾಯಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಎಂಟು ಮೈಲಿ ಈಜಿದವನು ನಾನು. ಅವನು ತನ್ನ ಸಿಗಡಿ ದೋಣಿಗೆ ನನ್ನ ಹೆಂಡತಿಯ ಹೆಸರಿಟ್ಟ. ನಾನು ಹೊಟ್ಟೆಕಿಚ್ಚು ಪಡಲಿಲ್ಲ, ನನ್ನ ನಾಯಿಗೆ ಅವನ ಹೆಸರಿಟ್ಟೆ. ಇಡೀ ಟೆಕ್ಸಸ್‌ನಲ್ಲಿ ನಮ್ಮಂಥ ಸ್ನೇಹ ಇನ್ನೊಂದಿರಲಿಲ್ಲ.

ಒಂದು ಮಧ್ಯಾಹ್ನ ಊರಿನ ಪೇದೆ ಬಂದು ಲಕೋಟೆ ಕೈಗಿಟ್ಟ. ವಾದಿ ರಾಯ್ಸ್. ಪ್ರತಿವಾದಿ ನಾನು. ಓದುತ್ತಿರುವಾಗಲೇ ಫೋನ್ ಬಡಿದುಕೊಂಡಿತು.

"ಕಾಗದ ಬಂತೇನೋ?" ಎಂದ ರಾಯ್ಸ್.

"ಬಂತು. ನಾಚ್ಕೆ ಆಗಲ್ವೇನೋ ನಿಂಗೆ?"

"ಮೊನ್ನೇನೇ ಹೇಳಿದ್ನಲ್ಲೋ. ಕೇಸು ನಿನ್ನ ಮೇಲಲ್ಲ ಕಣೋ, ನಿನ್ನ ಮನೆ ಇನ್ಶೂರೆನ್ಸ್ ಮೇಲೆ. ಕಂಪನಿ ಹೆಸರು ಹಾಕೋ ಹಾಗಿಲ್ಲ, ಮನೆಯವನ ಹೆಸರೇ ಹಾಕ್ಬೇಕು. ನಿನ್ನ ಜೇಬಿಂದ ಒಂದು ಬಿಡಿಕಾಸೂ ಹೋಗಲ್ಲ."

"ನನ್ನ ಹೆಸರಿನ ಪಕ್ಕ 'ಅಜಾಗರೂಕ' ಅಂತ ಬರ್ದಿದೆ!"

"ಹಾಗೇ ಬರೀಬೇಕಂತೆ."

"'ಕೊಳೆತ ಹಲಗೆ' ಅಂತಾನೂ ಬರ್ದಿದೆ! ಅದನ್ನೂ ಹಾಗೇ ಬರೀಬೇಕಂತಾ?"

"ಹಲಗೆ ಕೊಳೆತಿತ್ತು, ಡೆಲ್ಮರ್."

ನಾನು ಫೋನ್ ಕುಕ್ಕಿದ ರಭಸಕ್ಕೆ ಪಕ್ಕದ ಮೂರು ಮನೆಗಳ ಫೋನುಗಳು ಹೊಡೆದುಕೊಂಡವು.

ಮಾರನೆಯ ಬೆಳಿಗ್ಗೆ ಡೋನಟ್ ಅಂಗಡಿಯಲ್ಲಿ ಊರಿನವರೆದುರು ನನ್ನ ಎದೆ ಬಿಚ್ಚಿಟ್ಟೆ. ಇಂಥ ದ್ರೋಹ ಕೇಳಿ ಎಲ್ಲರೂ ಕಾಫಿಯಲ್ಲಿ ಕಣ್ಣೀರು ಸುರಿಸುತ್ತಾರೆ ಎಂದುಕೊಂಡಿದ್ದೆ. ಯಾರೂ ತಲೆ ಎತ್ತಲಿಲ್ಲ. ನಮ್ಮೂರಿನಲ್ಲಿ ಕೇಸು ಹಾಕದವರನ್ನು ಹುಡುಕಬೇಕಾದರೆ ಸ್ಮಶಾನಕ್ಕೇ ಹೋಗಬೇಕು, ಅಲ್ಲಿಯೂ ಅರ್ಧ ಜನರ ಪರವಾಗಿ ಮಕ್ಕಳು ಹಾಕಿರುತ್ತಾರೆ. ಲಾರಿ ಗುದ್ದಿ ಕತ್ತು ಉಳುಕಿದವರು, ನೆರೆಮನೆಯ ನಾಯಿ ಕಚ್ಚಿದವರು, ಅಂಗಡಿಯ ಒದ್ದೆ ನೆಲದಲ್ಲಿ ಜಾರಿದವರು, ಎಣ್ಣೆ ಕಾರ್ಖಾನೆಯಲ್ಲಿ ಕೈ ಸುಟ್ಟುಕೊಂಡವರು, ತಪ್ಪು ಮಾತ್ರೆ ನುಂಗಿದವರು. ಹೆದ್ದಾರಿಯುದ್ದಕ್ಕೂ ವಕೀಲೆ ಡಾರ್ಲಾ ಪಿಕೆಟ್‌ಳ ಮುಖ, ನಮ್ಮ ಚರ್ಚಿನ ಗೋಪುರಕ್ಕಿಂತ ಎತ್ತರದ ಫಲಕಗಳಲ್ಲಿ: 'ಬಿದ್ದಿರಾ? ಡಾರ್ಲಾ ಎತ್ತುತ್ತಾಳೆ.' ರಾಯ್ಸ್‌ನ ವಕೀಲೆಯೂ ಅವಳೇ.

ಅಂಗಡಿಯ ಒಡತಿ ಸೋಖಾ ನನ್ನ ಕಪ್ಪಿಗೆ ಕಾಫಿ ಬಗ್ಗಿಸುತ್ತಾ, "ಇದಕ್ಯಾಕೆ ಇಷ್ಟು ಅಳ್ತೀರಾ?" ಎಂದಳು. "ನನ್ನ ತಂಗೀನೇ ನನ್ನ ಮೇಲೆ ಕೇಸ್ ಹಾಕಿದ್ಲು. ಕಾರು ನಾನು ಓಡಿಸ್ತಿದ್ದೆ, ಭುಜ ಅವಳದ್ದು ಮುರೀತು. ಕೋರ್ಟಿಗೆ ಇಬ್ರೂ ಒಂದೇ ಕಾರಲ್ಲಿ ಹೋದ್ವಿ."

"ಆಮೇಲೂ ಅವಳ ಜೊತೆ ಮಾತಾಡ್ತೀರಾ?"

"ಮಾತಾಡದೆ? ಆದ್ರೆ ಕೋರ್ಟಿಗೆ ಹೋಗುವಾಗ ಅವಳೇ ಓಡಿಸಿದ್ಲು."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಸೋಖಾಳ ತಂಗಿ ಅಕ್ಕನ ಡ್ರೈವಿಂಗಿನಲ್ಲಿ ತಪ್ಪು ಹುಡುಕಿದಳು, ಅಷ್ಟೇ. ಇವನು ನನ್ನ ಕೈಕಸುಬಿಗೇ ಮಸಿ ಬಳಿದಿದ್ದ.

ವಿಮಾ ಕಂಪನಿ ನನ್ನ ಪರವಾಗಿ ಪ್ರೆಂಟಿಸ್ ಎಂಬ ವಕೀಲರನ್ನು ಕಳಿಸಿತು. ಎಷ್ಟು ತೆಳ್ಳಗಿನ ಮನುಷ್ಯ ಎಂದರೆ ಪಕ್ಕಕ್ಕೆ ತಿರುಗಿ ನಿಂತಾಗ ಟೈ ಮಾತ್ರ ಕಾಣುತ್ತಿತ್ತು. ಅವರು ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ವಿವರಿಸಿದರು.

"ಅವರು ಅಂಗಡಿಯಲ್ಲಿ ಬಿದ್ದಿದ್ರೆ ಬೇರೆ ಮಾತು. ಅಂಗಡಿಯವನು ತಾನೇ ಹುಡುಕಿ ಸರಿಮಾಡಿಸ್ಬೇಕು. ಆದ್ರೆ ಇವರು ಸ್ನೇಹಿತರಾಗಿ ಊಟಕ್ಕೆ ಬಂದವರು. ಮನೆಯವನಿಗೆ ಅಪಾಯ ಗೊತ್ತಿದ್ದೂ ಹೇಳದೆ ಇದ್ರೆ ಮಾತ್ರ ಅದು ಅವನ ತಪ್ಪು. ಗೊತ್ತೇ ಇರಲಿಲ್ಲ ಅಂದ್ರೆ ತಪ್ಪಿಲ್ಲ, ಕೇಸೂ ಇಲ್ಲ. ಮಿಸ್ಟರ್ ಗೀಡ್ರಿ, ನಿಮಗೆ ಗೊತ್ತಿತ್ತಾ?"

"ಆ ಮೆಟ್ಟಿಲನ್ನ ಆನೆ ಹತ್ತಿದೆ ಸಾರ್."

"ಗೊತ್ತಿರಲಿಲ್ಲ ಅಂತ ಬರ್ಕೊಳ್ಳಲಾ?"

"ಬರ್ಕೊಳ್ಳಿ."

ಎಲ್ಲ ನಿಂತದ್ದು ಆ ಒಂದು ಮಾತಿನ ಮೇಲೆ. ರಾಯ್ಸ್‌ನ ಸೊಂಟದ ಮೂಳೆ ವಕ್ರವಾಗಿ ಕೂಡಿಕೊಂಡಿತ್ತು. ಇನ್ನೊಂದು ಆಪರೇಷನ್ ಆದರೆ ಅವನು ಮತ್ತೆ ದೋಣಿಯ ಮೇಲೆ ನಿಲ್ಲಬಹುದು, ಇಲ್ಲದಿದ್ದರೆ ವಾಕರ್ ಹಿಡಿದ ಕೈ ಬಲೆ ಹಿಡಿಯುವುದಿಲ್ಲ. ಸ್ವಂತ ದೋಣಿಯವನಿಗೆ ಕಂಪನಿಯ ಆರೋಗ್ಯ ವಿಮೆ ಎಲ್ಲಿಂದ ಬರಬೇಕು? ನನ್ನ ಮನೆಯ ವಿಮೆ ಕೊಟ್ಟರೆ ಉಂಟು. ಇದೆಲ್ಲ ನನಗೆ ಗೊತ್ತಿತ್ತು. ನೆಲ್ಡಾ ದಿನಕ್ಕೆ ಸಾವಿರ ಸಲ ಹೇಳುತ್ತಿದ್ದಳು. ನಾನು ಅವಳಿಗೆ, "ಬೆನ್ನಿಗೆ ಚೂರಿ ಹಾಕಿದವನ ಸೊಂಟದ ಚಿಂತೆ ನಂಗ್ಯಾಕೆ?" ಎನ್ನುತ್ತಿದ್ದೆ.

ಪ್ರಮಾಣ ಮಾಡಿಸಿ ನನ್ನ ಹೇಳಿಕೆ ತೆಗೆದುಕೊಳ್ಳಲು ಡಾರ್ಲಾಳ ಕಚೇರಿಗೆ ಕರೆಸಿದರು. ಹೊರಗಿನ ಕೋಣೆಯಲ್ಲಿ ಕತ್ತುಪಟ್ಟಿಗಳ ಜಾತ್ರೆ. ಒಬ್ಬನಂತೂ ತಾನು ಕುಂಟುವ ಕಾಲು ಯಾವುದೆಂದು ಮರೆತು ಎರಡೂ ಕುಂಟುತ್ತಿದ್ದ. ಒಳಗೆ ಉದ್ದ ಮೇಜು. ಒಂದು ತುದಿಯಲ್ಲಿ ಪ್ರತಿ ಮಾತನ್ನೂ ಟೈಪ್ ಮಾಡುವ ಹೆಂಗಸು. ನನ್ನೆದುರು ರಾಯ್ಸ್, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ನನ್ನನ್ನು ನೋಡಿ ಹುಬ್ಬು ಹಾರಿಸಿದ, ಶಾಲೆಯಲ್ಲಿ ಉತ್ತರ ತೋರಿಸು ಎಂದು ಹಾರಿಸುತ್ತಿದ್ದ ಹಾಗೆ. ಎಂಥ ನಿರ್ಲಜ್ಜ ಎಂದುಕೊಂಡೆ.

ಅವನು ಬಿದ್ದದ್ದು ಹೇಗೆ ಎಂದು ಡಾರ್ಲಾ ಕೇಳಿದಳು. ನಾನು ಹೇಳಿದೆ: ಅವತ್ತು ನಮ್ಮಲ್ಲಿ ಏಡಿ ಬೇಯಿಸುವ ಗದ್ದಲ, ಊರಿನ ಗಂಡಸರೆಲ್ಲ ಜಗಲಿಯಲ್ಲಿದ್ದರು. ರಾಯ್ಸ್ ಐಸ್ ಪೆಟ್ಟಿಗೆ ತುಂಬ ಏಡಿ ಹೊತ್ತು ತಂದ. ಹತ್ತುವಾಗ ಮೆಟ್ಟಿಲು ನೋಡುವುದು ಬಿಟ್ಟು ಆಕಾಶದಲ್ಲಿ ಹೋಗುತ್ತಿದ್ದ ಕೊಕ್ಕರೆ ನೋಡಿದ. ಕೊಕ್ಕರೆ ಹಾರಿತು, ಇವನು ಬಿದ್ದ.

"ಮೂರನೇ ಮೆಟ್ಟಿಲಿನ ಹಲಗೆ ಕೆಟ್ಟಿದೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ, ಮಿಸ್ಟರ್ ಗೀಡ್ರಿ?"

"ಇಲ್ಲ ಮೇಡಂ. ಆನೆ ಹತ್ತಿದ ಮೆಟ್ಟಿಲು ಅದು."

ಟೈಪ್ ಮಾಡುವವಳು ಕೈ ನಿಲ್ಲಿಸಿದಳು. "ಆನೆ ಅಂತಾನೇ ಹಾಕ್ಲಾ?"

"ಹಾಕಿ. ಬಸುರಿ ಅಂತಾನೂ ಹಾಕಿ."

"ಮುರಿದ ಹಲಗೆ ಈಗ ಎಲ್ಲಿದೆ?" ಎಂದಳು ಡಾರ್ಲಾ.

"ಹಳ್ಳಕ್ಕೆ ಎಸೆದೆ. ಮೊಸಳೆ ತಿಂತು."

ಪ್ರೆಂಟಿಸ್ ಕಣ್ಣು ಮುಚ್ಚಿಕೊಂಡರು. ರಾಯ್ಸ್ ನಗಲಿಲ್ಲ. ನನ್ನ ಎಲ್ಲ ಕಥೆಗಳಿಗೂ ಮೊದಲು ನಗುತ್ತಿದ್ದವನು ಅವನೇ. ಅವತ್ತು ತಲೆ ತಗ್ಗಿಸಿ ವಾಕರಿನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ಕಣ್ಣಲ್ಲಿ ನೀರಿತ್ತು. ದ್ರೋಹಿಗೆ ಕೊನೆಗೂ ನಾಚಿಕೆಯಾಯಿತು ಎಂದುಕೊಂಡು ಮನೆಗೆ ಬಂದೆ. ಅವತ್ತು ರಾತ್ರಿ ಊಟ ಸೇರಲಿಲ್ಲ. ಅಡುಗೆ ಸರಿಯಿರಲಿಲ್ಲ ಎಂದು ನೆಲ್ಡಾಳ ಮೇಲೆ ಹಾಕಿದೆ.

ಇನ್ನು ಜಡ್ಜಿ ಕೇಸನ್ನು ವಜಾ ಮಾಡುವುದೊಂದೇ ಬಾಕಿ ಎಂದು ಪ್ರೆಂಟಿಸ್ ಹೇಳಿದರು. ಅದಕ್ಕೆ ಮೊದಲು ಮೆಟ್ಟಿಲುಗಳನ್ನು ಅಳತೆ ಮಾಡಿ ಫೋಟೋ ತೆಗೆಯಬೇಕೆಂದು ಡಾರ್ಲಾ ಕೇಳಿಕೊಂಡಿದ್ದಳು. ಹಾಗೆ ಒಂದು ಬೆಳಿಗ್ಗೆ ಎಲ್ಲರೂ ನಮ್ಮ ಅಂಗಳದಲ್ಲಿ ಸೇರಿದರು. ರಾಯ್ಸ್ ಓಕ್ ಮರದ ಕೆಳಗೆ ಮಗುಚಿಟ್ಟ ಏಡಿ ಬುಟ್ಟಿಯ ಮೇಲೆ ಕೂತ.

ಡಾರ್ಲಾ ಟೇಪು ಹಿಡಿದು ಅಳೆದಳು, ಬಗ್ಗಿ ನೋಡಿದಳು, ಗುದ್ದಿ ನೋಡಿದಳು. ಮೂರನೇ ಮೆಟ್ಟಿಲಿಗೆ ನಾನು ಆಗಲೇ ಹೊಸ ಹಲಗೆ ಹಾಕಿದ್ದೆ. ಏನೂ ಸಿಗದೆ ಅವಳೂ ಪ್ರೆಂಟಿಸ್ಸೂ ಕಾರಿನ ಹತ್ತಿರ ಮಾತಾಡುತ್ತಾ ನಿಂತರು. ಗೆದ್ದವನು ದೊಡ್ಡ ಮನಸ್ಸು ತೋರಿಸಬೇಕಲ್ಲ? ನಾನು ಎಲ್ಲರಿಗೂ ಕಾಫಿ ತಂದುಕೊಟ್ಟೆ. ಅರವತ್ತಮೂರರಲ್ಲೂ ಜಿಂಕೆಯ ಹಾಗೆ ಹಾರಿ ಹತ್ತಿದೆ, ಹಾರಿ ಇಳಿದೆ.

ರಾಯ್ಸ್ ಕಪ್ ತೆಗೆದುಕೊಂಡು ನೋಡಿದ. "ಸಕ್ಕರೆ ಇಲ್ವಲ್ಲೋ."

ನೀನು ಯಾವಾಗಿನಿಂದ ಸಕ್ಕರೆ ಹಾಕಿಕೊಳ್ಳುತ್ತೀಯ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಹೋಗಿ ತಂದೆ.

"ಚಮಚ?"

ಹೋಗಿ ಚಮಚ ತಂದೆ.

"ಒಂದು ಬಿಸ್ಕತ್ ಇದ್ಯೇನೋ?"

"ನಾನೇನು ನಿನ್ನ ಆಳೇನೋ?" ಎಂದು ಗೊಣಗುತ್ತಲೇ ಹತ್ತಿದೆ. ತಟ್ಟೆ ತಂದು ಅವನ ಮುಂದೆ ಹಿಡಿದೆ. ಅವನು ಬಿಸ್ಕತ್ ತೆಗೆದುಕೊಳ್ಳಲಿಲ್ಲ.

"ಮೂರನೇ ಮೆಟ್ಟಿಲಿಗೆ ಹೊಸ ಹಲಗೆ ಹಾಕಿದೀಯ ಅಲ್ವಾ?"

"ಒಳ್ಳೇ ಓಕ್ ಮರದ್ದು. ಈಗ ಎರಡು ಆನೆ ಒಟ್ಟಿಗೆ..."

"ಮತ್ಯಾಕೋ ಅದರ ಮೇಲೆ ಕಾಲಿಡಲ್ಲ?"

ನಾನು ತಿರುಗಿ ನೋಡಿದೆ. ಬೆಳಗಿನ ಮಂಜಿನಲ್ಲಿ ಅಂಗಳದ ಹುಲ್ಲು ನೆನೆದಿತ್ತು. ಹತ್ತುವಾಗ ನನ್ನ ಬೂಟಿನ ಒದ್ದೆ ಗುರುತು ಒಂದನೆಯ ಮೆಟ್ಟಿಲಿನ ಮೇಲಿತ್ತು, ಎರಡನೆಯದರ ಮೇಲಿತ್ತು, ನಾಲ್ಕನೆಯದರ ಮೇಲಿತ್ತು. ಮೂರನೆಯದು ಒಣಗಿಕೊಂಡು ಹೊಸ ಹಲಗೆಯಾಗಿಯೇ ಉಳಿದಿತ್ತು.

"ನಾಲ್ಕು ಸಲ ಹತ್ತಿದೆ, ನಾಲ್ಕು ಸಲ ಇಳಿದೆ," ಎಂದ ರಾಯ್ಸ್. "ಒಂದ್ಸಲಾನೂ ಇಡಲಿಲ್ಲ. ಇದು ಹೊಸ ಹಲಗೆ ಬಂದ ಮೇಲೆ ಆದ ಅಭ್ಯಾಸ ಅಲ್ಲ ಕಣೋ, ಹಳೇದಿದ್ದಾಗಿಂದ ಬಂದಿದ್ದು."

ಜಗಲಿಯಲ್ಲಿದ್ದ ನೆಲ್ಡಾ, "ಅವನ ಮಂಡಿನೋವಿಗೆ ವ್ಯಾಯಾಮ ಅಂತೆ ಅದು, ರಾಯ್ಸ್," ಎಂದಳು. "ಈಸ್ಟರ್ ಹಬ್ಬದಿಂದ್ಲೂ ಹಾಗೇ ದಾಟ್ಕೊಂಡು ಓಡಾಡ್ತಿದಾನೆ. ನಾನು ಹಿತ್ತಿಲ ಬಾಗಿಲಲ್ಲೇ ಓಡಾಡೋಳು, ನಂಗೆ..." ಎನ್ನುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದಳು. ರಾಯ್ಸ್ ಬಿದ್ದದ್ದು ಈಸ್ಟರ್ ಆಗಿ ಎಷ್ಟೋ ದಿನಕ್ಕೆ, ಬೇಸಿಗೆಯಲ್ಲಿ.

"ಐವತ್ತು ವರ್ಷದಿಂದ ನಿನ್ನ ಸುಳ್ಳು ಕೇಳಿ ನಗ್ತಾ ಬಂದಿದೀನಿ," ರಾಯ್ಸ್ ಮೆಲ್ಲಗೆ ಹೇಳಿದ. "ಆ ಚಂಡಮಾರುತದಲ್ಲಿ ನಿನ್ನನ್ನ ದೋಣೀಲಿ ಎತ್ತಾಕ್ಕೊಂಡು ಬಂದೋನು ನಾನು. ನೀನು ಎಂಟು ಮೈಲಿ ಈಜಿದೆ ಅಂತ ನನ್ನ ಎದುರಿಗೇ ಹೇಳ್ತಿದ್ದೆ, ಆಗ್ಲೂ ನಕ್ಕೆ. ಹೇಳ್ಕೊಳ್ಲಿ ಬಿಡು ಅಂತ. ನಿನ್ನ ಹತ್ರ ಒಂದೇ ಒಂದ್ಸಲ ನಿಜ ಕೇಳ್ದೆ. ನನ್ನ ಕಾಲಿಗೋಸ್ಕರ ಕೇಳ್ದೆ."

ಕೈಯಲ್ಲಿದ್ದ ತಟ್ಟೆಯನ್ನು ಹುಲ್ಲಿನ ಮೇಲಿಟ್ಟೆ.

"ಡಾರ್ಲಾ ಅವರೇ," ಎಂದು ಕರೆದೆ. "ಇಲ್ಲಿ ಬನ್ನಿ. ಅವತ್ತು ಹೇಳಿದ್ದು ಸುಳ್ಳು. ಈಗ ಬರ್ಕೊಳ್ಳಿ."

ಪ್ರೆಂಟಿಸ್ ಅಂಗಳ ದಾಟಿ ಓಡಿ ಬಂದರು. "ಮಿಸ್ಟರ್ ಗೀಡ್ರಿ, ಇನ್ನೊಂದು ಮಾತೂ ಆಡ್ಬೇಡಿ!"

ನಾನು ಆಡಿದೆ. ಯಾವ ಆನೆಯೂ ಬಂದಿರಲಿಲ್ಲ, ಯಾವ ಸರ್ಕಸ್ಸೂ ನಮ್ಮ ರಸ್ತೆಯಲ್ಲಿ ಹಾದಿರಲಿಲ್ಲ. ಹಲಗೆಯನ್ನು ಮೊಸಳೆ ತಿನ್ನಲಿಲ್ಲ. ರಾಯ್ಸ್‌ನನ್ನು ಆಂಬ್ಯುಲೆನ್ಸಿನಲ್ಲಿ ಕರೆದುಕೊಂಡು ಹೋದ ಸಂಜೆಯೇ ಏಡಿ ಬೇಯಿಸಿದ ಒಲೆಗೆ ಹಾಕಿ ಸುಟ್ಟೆ. ಈಸ್ಟರ್ ಸಮಯದಲ್ಲಿ ಬಣ್ಣ ಹಚ್ಚಲು ಕೂತಾಗ ಮೂರನೇ ಮೆಟ್ಟಿಲಿಗೆ ಸ್ಕ್ರೂಡ್ರೈವರ್ ಚುಚ್ಚಿದ್ದೆ, ಅದು ಹಿಡಿಯವರೆಗೆ ಒಳಗೆ ಹೋಗಿತ್ತು. ಹಲಗೆ ಬದಲಾಯಿಸುವುದನ್ನು ಊರು ನೋಡುತ್ತದೆ, ಡೆಲ್ಮರನ ಮೆಟ್ಟಿಲೂ ಕೊಳೆಯುತ್ತದೆ ಎನ್ನುತ್ತದೆ ಎಂದು ಹೆದರಿ, ಅದರ ಮೇಲೇ ದಪ್ಪಗೆ ಬಣ್ಣ ಬಳಿದೆ. ಅಂದಿನಿಂದ ನಾನು ದಾಟಿಕೊಂಡು ನಡೆದೆ.

ಕೊಕ್ಕರೆಯೂ ಇರಲಿಲ್ಲ. ರಾಯ್ಸ್ ಐಸ್ ಪೆಟ್ಟಿಗೆ ಹೊತ್ತು ಎರಡನೇ ಮೆಟ್ಟಿಲಿನಲ್ಲಿ ನಿಂತು, "ಇದು ಗಟ್ಟಿ ಇದ್ಯೇನೋ, ಡೆಲ್ಮರ್?" ಎಂದು ಕೇಳಿದ್ದ. ಜಗಲಿಯ ತುಂಬ ಜನ ನನ್ನನ್ನೇ ನೋಡುತ್ತಿದ್ದರು.

"ಆನೆ ಹತ್ತಿದ ಮೆಟ್ಟಿಲು ಕಣೋ, ಬಾ," ಎಂದೆ.

ಅವನು ನಕ್ಕ. ನಗುತ್ತಲೇ ಕಾಲಿಟ್ಟ.