ಮೂಲೆಯಲ್ಲಿ ಉಳಿದ ಮಸಿ

ಗಂಡ ಸ್ಟೂಲಿನಿಂದ ಎದ್ದು ನಿಂತ ರೀತಿ ನೋಡಿಯೇ ಸಾವಿತ್ರಿಬಾಯಿಗೆ ಬಂದವನು ಸೈನ್ಯದ ಕಾಲದ ಯಾರೋ ಮೇಲಿನವನು ಎಂದು ಗೊತ್ತಾಯಿತು. ಸುಲ್ತಾನ್ ಬಜಾರಿನ ಆ ಗೂಡಿನಂಥ ಅಂಗಡಿಯಲ್ಲಿ ಎದ್ದು ನಿಂತರೆ ನೇತುಹಾಕಿದ ಬೆಲ್ಟುಗಳು ತಲೆಗೆ ತಾಗುತ್ತವೆ. ಅದಕ್ಕೇ ಅಮರೇಶಪ್ಪ ಯಾವ ಗಿರಾಕಿ ಬಂದರೂ ಕೂತೇ ಮಾತಾಡುತ್ತಿದ್ದ. ಈಗ ನೋಡಿದರೆ ಹಿಮ್ಮಡಿ ಜೋಡಿಸಿ, ಎದೆ ಉಬ್ಬಿಸಿ, "ರಾಮ್ ರಾಮ್ ಸಾಬ್!" ಅನ್ನುತ್ತಿದ್ದ. ಬಕಲ್ಲೊಂದು ಹಣೆಗೆ ಬಡಿದದ್ದೂ ಅವನಿಗೆ ತಿಳಿಯಲಿಲ್ಲ.

ಸಾವಿತ್ರಿಬಾಯಿ ಟೋಪಿಗೆ ಪಟ್ಟಿ ಹೊಲಿಯುತ್ತಿದ್ದಳು. ದಾರವನ್ನು ಹಲ್ಲಿನಿಂದ ಕಡಿದು ತಲೆಯೆತ್ತಿದಳು. ಬೆಳ್ಳಗಾದ ಮೀಸೆ, ಒಳಗೆ ಹೋದ ಗಲ್ಲ, ಬಣ್ಣ ಹೋದ ಸೆಕ್ಯುರಿಟಿ ಅಂಗಿ. ಮುಖವೊಂದೇ ಆಗಿದ್ದರೆ ಗುರುತು ಸಿಗುತ್ತಿರಲಿಲ್ಲವೋ ಏನೋ. ಆದರೆ ಆ ಬೆತ್ತ ಇತ್ತಲ್ಲ, ಅದನ್ನು ಕಂಕುಳಲ್ಲಿ ಒತ್ತಿ ಹಿಡಿದು ಗದ್ದ ಎತ್ತುವ ಆ ಠೀವಿ, ಅದನ್ನು ಮರೆಯಬೇಕಾದರೆ ಆಕೆ ಸಾಯಬೇಕಿತ್ತು. ಸುಬೇದಾರ ಪ್ರಹ್ಲಾದರಾವ್! ಸೂಜಿ ಬೆರಳಿಗೆ ಚುಚ್ಚಿತು. ಆಕೆ ಬೆರಳನ್ನು ಬಾಯಲ್ಲಿಟ್ಟುಕೊಂಡು ಅವನನ್ನೇ ನೋಡಿದಳು. ಅವನು ಆಕೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಗೋಡೆ ನೋಡಿದಷ್ಟೇ ನೋಡಿ, ಮುಖ ತಿರುಗಿಸಿದ.

"ಬೆಲ್ಟ್ ಬ್ಯಾಡೋ ಅಮರೇಶಪ್ಪ. ನಮ್ಮ ಫೌಜಿ ಮಂದಿಗೆ ನೀನು ಬಾಡಿಗಿ ಮನಿ ಹುಡುಕಿ ಕೊಡ್ತೀ ಅಂತ ಕೇಳೀನಿ," ಎಂದ.

"ನಾನಲ್ಲರಿ ಸಾಬ್, ನಮ್ಮ ಮನಿಯವ್ರು," ಎಂದು ಅಮರೇಶಪ್ಪ ಹೆಂಡತಿಯ ಕಡೆ ಕೈ ತೋರಿಸಿದ.

ಅದು ನಿಜವೇ. ಹೈದರಾಬಾದಿನಲ್ಲಿ ಗಾಜಿನ ಕಟ್ಟಡಗಳು ಎದ್ದಂತೆಲ್ಲ ಗೇಟುಗಳೂ ಎದ್ದವು, ಗೇಟಿಗೊಬ್ಬ ಮಾಜಿ ಸೈನಿಕ ಬೇಕಾದ. ಟೋಪಿ, ಸೀಟಿ, ಬೆಲ್ಟು ಕೊಳ್ಳಲು ಅವರೆಲ್ಲ ಈ ಅಂಗಡಿಗೇ ಬರುತ್ತಿದ್ದರು. ಬಂದವರಲ್ಲಿ ಅರ್ಧ ಮಂದಿಗೆ ತಲೆಯ ಮೇಲೆ ಟೋಪಿ ಇತ್ತೇ ಹೊರತು ಸೂರು ಇರಲಿಲ್ಲ. ಮನೆ ಮಾಲಕರಿಗೆ ಸಾಫ್ಟ್‌ವೇರ್ ಹುಡುಗರ ಹುಚ್ಚು ಹಿಡಿದಿತ್ತು. ಒಂದೊಂದು ಕೋಣೆಗೂ ನಾಲ್ಕು ಹುಡುಗರನ್ನು ತುಂಬಿ ಬಾಡಿಗೆ ಎಳೆಯುತ್ತಿದ್ದರು. ಕುಟುಂಬದ ಸಮೇತ ಬಂದ ಹವಾಲ್ದಾರನಿಗೆ ಬಾಗಿಲಲ್ಲೇ ಸಲಾಮು. ಸಾವಿತ್ರಿಬಾಯಿ ಅಂಥ ಮಾಲಕರ ಹೆಂಡಂದಿರನ್ನು ಹಿಡಿದುಕೊಂಡಳು. ಅವರ ಮನೆಗೆ ಹೋಗಿ, ತೆಲುಗಿನಲ್ಲೋ ಹಿಂದಿಯಲ್ಲೋ ಸುಖದುಃಖ ಮಾತಾಡಿ, ಉಪ್ಪಿನಕಾಯಿ ಕೊಟ್ಟು, "ಇವರು ನಮ್ಮವರು, ನನ್ನ ಜಿಮ್ಮಾ" ಎಂದು ಬಿಡುತ್ತಿದ್ದಳು. ಆಕೆ ಹೀಗೆ ಹೊಣೆ ಹೊತ್ತರೆ ಮನೆ ಸಿಕ್ಕಿದ ಹಾಗೇ. ಯಾರಿಗೇ ಕೊಡಲಿ, ಮೊದಲು ಸುಣ್ಣ ಬಳಿಯುವ ಹನುಮಂತನನ್ನು ಕರೆಸಿ ಸುಣ್ಣ ಹೊಡೆಸುತ್ತಿದ್ದಳು, ಅದರಲ್ಲೂ ಅಡುಗೆಮನೆಗೆ ಎರಡು ಕೈ. ಯಾಕೆ ಎರಡು ಕೈ ಎಂದು ಹನುಮಂತ ಕೇಳಿದರೆ ಹೇಳುತ್ತಿರಲಿಲ್ಲ.

"ಇದ್ದ ಮನಿ ಮಾಲಕ ಒಡದು ಹಾಸ್ಟೆಲ್ ಕಟ್ಟಿಸಿದ. ಈಗ ಮಾದಾಪುರದಾಗ ನಾ ಕಾಯೋ ಬಿಲ್ಡಿಂಗಿನ ತಗಡಿನ ಕ್ಯಾಬಿನ್‌ನಾಗ ಅದೀವಿ. ಹೆಂಡತಿನೂ ಅಲ್ಲೇ," ಎಂದ ಪ್ರಹ್ಲಾದರಾವ್, ಹವಾಮಾನದ ವಿಷಯ ಹೇಳುವವನಂತೆ. "ಬಿಲ್ಡಿಂಗ್ ಮುಗೀತು. ಕ್ಯಾಬಿನ್ ಎತ್ತಸ್ತಾರಂತ."

"ಸದ್ಯಕ್ಕ ಯಾವ ಮನಿನೂ ಇಲ್ಲ," ಎಂದಳು ಸಾವಿತ್ರಿಬಾಯಿ.

ಆಕೆಯ ಬೆನ್ನ ಹಿಂದೆ ಮೊಳೆಗೆ ಶಂಶಾಬಾದಿನ ಎರಡು ಕೋಣೆಯ ಮನೆಯ ಕೀಲಿ ತೂಗುತ್ತಿತ್ತು. ಅಮರೇಶಪ್ಪ ಕೀಲಿ ನೋಡಿದ, ಹೆಂಡತಿಯ ಮುಖ ನೋಡಿದ, ನೇತಾಡುತ್ತಿದ್ದ ಬೆಲ್ಟುಗಳನ್ನು ಸರಿಮಾಡತೊಡಗಿದ.

ಸೈನ್ಯದ ಛಾವಣಿಯ ಕ್ವಾರ್ಟರು ಬಿಡುವಾಗ 'ಮಾರ್ಚಿಂಗ್ ಔಟ್' ಎಂಬ ಶಾಸ್ತ್ರವಿದೆ. ಸುಬೇದಾರ ಬಂದು ಬಲ್ಬು, ನಲ್ಲಿ, ಕಿಟಕಿಯ ಗಾಜು, ಗೋಡೆ ಎಲ್ಲ ತಪಾಸಣೆ ಮಾಡಿ ಸರಿಯಿದೆ ಎಂದರಷ್ಟೇ ಕೀಲಿ ಒಪ್ಪಿಸಿಕೊಳ್ಳುತ್ತಾನೆ. ಅದೆಲ್ಲೋ ಪಂಜಾಬಿನ ಕಡೆ, ಹಲ್ಲು ಕಟಕಟ ಅನ್ನುವ ಚಳಿಯಲ್ಲಿ, ಸಾವಿತ್ರಿ ಒಬ್ಬಳೇ ಆ ಶಾಸ್ತ್ರಕ್ಕೆ ನಿಂತಿದ್ದಳು. ಅಮರೇಶಪ್ಪ ಗಡಿಗೆ ಹೋಗಿದ್ದ. ಹೊಟ್ಟೆಯಲ್ಲಿದ್ದ ಐದು ತಿಂಗಳ ಕೂಸು ಅದೇ ವಾರ ಹೋಗಿತ್ತು, ಮೈಯಿಂದ ರಕ್ತ ಇನ್ನೂ ನಿಂತಿರಲಿಲ್ಲ. ಊರಿಗೆ ಹೋಗಿ ತಾಯಿಯ ಮಗ್ಗುಲಲ್ಲಿ ಬಿದ್ದುಕೊಂಡರೆ ಸಾಕೆಂದು ರೈಲಿನ ಹೊತ್ತು ಕಾಯುತ್ತಿದ್ದಳು. ಬಂದ ಸುಬೇದಾರ ನಮ್ಮ ಬೀದರ್ ಕಡೆಯವನು, ನಮ್ಮ ಮಾತಿನವನು ಎಂದು ತಿಳಿದು ಜೀವ ಹಗುರಾಗಿತ್ತು. "ಅಣ್ಣಾವ್ರ, ನನಗ ಮೈಯಾಗ ಆರಾಮಿಲ್ಲರಿ" ಎಂದಿದ್ದಳು.

ಅಣ್ಣ ಹಿಂದಿಯಲ್ಲಿ ಉತ್ತರ ಕೊಟ್ಟ. ಅಡುಗೆಮನೆಯ ಗೋಡೆಯ ಮೇಲೆ ಬೆರಳೆಳೆದು, ಬೆರಳಿಗೆ ಹತ್ತಿದ ಮಸಿಯನ್ನು ಆಕೆಯ ಮೂಗಿನ ಮುಂದೆ ಹಿಡಿದ. ಇಡೀ ಚಳಿಗಾಲ ಇದ್ದಿಲು ಉರಿಸಿದ ಗೋಡೆ ಮತ್ತೆ ಹೇಗಿರಬೇಕು? ಬಕೆಟ್ಟು, ತೆಂಗಿನ ನಾರು, ಸೋಡಾಪುಡಿ ತರಿಸಿ ಬಾಗಿಲಿಗೆ ಆತು ನಿಂತ. ಆಕೆ ತಿಕ್ಕಿದಳು. ಅಕ್ಕಪಕ್ಕದ ಹೆಂಗಸರು ವರಾಂಡದಲ್ಲಿ ನಿಂತು ನೋಡಿದರು, ಒಬ್ಬಳೂ ಒಳಗೆ ಬರಲಿಲ್ಲ. ಸೀರೆ ಒದ್ದೆಯಾದದ್ದು ನೀರಿನಿಂದಷ್ಟೇ ಅಲ್ಲ ಎಂದು ಅವನಿಗೂ ಕಂಡಿತ್ತು. ಎಲ್ಲ ಮುಗಿಯಿತು ಎಂದು ಆಕೆ ಗೋಡೆ ಹಿಡಿದು ಕೂತಾಗ ಬೆತ್ತ ಚಾಚಿ ತೋರಿಸಿದ. ಆಗ ಮಾತ್ರ ಅಚ್ಚ ಕನ್ನಡ ಬಂತು ಬಾಯಲ್ಲಿ: "ಮೂಲಿಯೊಳಗ ಇನ್ನೂ ಐತಿ ನೋಡು."

ರೈಲು ತಪ್ಪಿತು. ಆಮೇಲೆ ಹೊಟ್ಟೆಯಲ್ಲಿ ಏನೂ ನಿಲ್ಲಲೂ ಇಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರರು ಹೇಳಿದ್ದರು. ಡಾಕ್ಟರರು ಹೇಳಿದರೆ ಆಯಿತೇ?

ಸಂಜೆ ರೊಟ್ಟಿ ಮುರಿಯುತ್ತ ಅಮರೇಶಪ್ಪ ಮೆಲ್ಲಗೆ ಮಾತು ತೆಗೆದ. "ಹಳೇದ್ ಬಿಡು. ಅವ್ರ ಹೆಂಡತಿಗೆ ದಮ್ಮು ಐತಂತ. ಕ್ಯಾಬಿನ್‌ನಾಗ ಪಾಯಖಾನಿ ಸೈತ ಇಲ್ಲ. ಕತ್ತಲಾಗೂ ತನಕ ನೀರು ಕುಡಿಯಂಗಿಲ್ಲಂತ."

"ಅವಗ ನನ್ನ ಮುಖಾನೂ ನೆನಪಿಲ್ಲ."

"ಅವ್ರು ರೂಲ್ಸ್ ಪ್ರಕಾರ..."

"ಆವಾಗನೂ ಹಿಂಗೇ ಅಂದಿದ್ರಿ ನೀವು. ಇವತ್ತಂತೂ ಎದ್ದು ನಿಂತು ಸಲಾಂ ಹೊಡದ್ರಿ. ಇಷ್ಟು ವರ್ಷದಾಗ ನನ್ನ ಸಲುವಾಗಿ ಒಮ್ಮೆ ಎದ್ದು ನಿಂತೀರೇನು?"

ಅಮರೇಶಪ್ಪ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಇಟ್ಟ. ಸಾವಿತ್ರಿಬಾಯಿ ನೀರಿನ ತಂಬಿಗೆ ಅವನ ಕಡೆ ಸರಿಸಿದಳು. ಸಿಟ್ಟಿನಲ್ಲೂ ಆಕೆಯ ತಲೆ ಬೇರೆ ಲೆಕ್ಕ ಹಾಕುತ್ತಿತ್ತು. ಮನೆ ಇಲ್ಲ ಅಂದರೆ ಅವನು ಇನ್ನೊಂದು ಬಾಗಿಲು ಬಡಿಯುತ್ತಾನೆ, ಅಷ್ಟೇ. ಯಾಕೆ ಇಲ್ಲ ಎಂಬುದು ಅವನಿಗೆ ತಿಳಿಯುವುದೇ ಇಲ್ಲ. ಅದು ಸೇಡೇ ಅಲ್ಲ. ಶಂಶಾಬಾದಿನ ಮನೆಯಲ್ಲಿ ಮೊದಲು ವಿಮಾನ ನಿಲ್ದಾಣ ಕಟ್ಟುವ ಕೂಲಿಗಳಿಗೆ ಊಟದ ಮೆಸ್ಸು ನಡೆಯುತ್ತಿತ್ತು. ಕಟ್ಟಿಗೆಯ ಒಲೆ. ಅಡುಗೆಮನೆ ನೆಲದಿಂದ ಮಾಳಿಗೆಯವರೆಗೆ ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. ಇದು ನೆನಪಾದದ್ದೇ ಆಕೆಯ ಮೈಯಲ್ಲಿ ಹಬ್ಬದ ದಿನದ ಹುರುಪು ಬಂತು.

"ಕೊಡ್ತೀನಿ," ಎಂದಳು. "ನಾನೇ ಹೋಗಿ ಕೀಲಿ ಕೊಡ್ತೀನಿ. ನೀವು ಬರಬ್ಯಾಡ್ರಿ. ಹನುಮಂತಗೂ ಹೇಳ್ರಿ, ಈ ಮನಿಗೆ ಸುಣ್ಣ ಬ್ಯಾಡಂತ."

ಅಮರೇಶಪ್ಪ ಅಷ್ಟಕ್ಕೇ ಖುಷಿಯಾದ. ಪಾಪ, ಗಂಡಸರಿಗೆ ಎಷ್ಟು ಬೇಗ ಸಮಾಧಾನವಾಗುತ್ತದೆ!

ಭಾನುವಾರ ಬೆಳಿಗ್ಗೆ ಶಂಶಾಬಾದಿನ ಮನೆಯ ಮುಂದೆ ಆಟೋ ನಿಂತಿತು. ಮೊದಲು ಇಳಿದದ್ದು ಬೆತ್ತ, ಆಮೇಲೆ ಸುಬೇದಾರ, ಆಮೇಲೆ ಹೆಸರು-ನಂಬರು ಬರೆದ ಕರೀ ಟ್ರಂಕು. ಕಡೆಗೆ, ಟ್ರಂಕಿನ ಹಿಂದೆ ಅಡಗಿದಂತಿದ್ದ ಒಬ್ಬ ಸಣಕಲು ಹೆಂಗಸು ಸೆರಗು ಸರಿಮಾಡಿಕೊಳ್ಳುತ್ತ ಇಳಿದಳು. ಆಕೆಯೇ ಅಹಲ್ಯಾಬಾಯಿ. ಉಸಿರು ಎಳೆಯುವಾಗ ಎದೆಯಲ್ಲಿ ಸಿಳ್ಳೆ ಹಾಕಿದಂತೆ ಕೇಳುತ್ತಿತ್ತು. ಸಾವಿತ್ರಿಬಾಯಿಗೆ ಕೈ ಮುಗಿದಳು. ಸಾವಿತ್ರಿಬಾಯಿ ಆ ಕಡೆ ಲಕ್ಷ್ಯ ಕೊಡಲಿಲ್ಲ. ಆಕೆಯ ಲಕ್ಷ್ಯವೆಲ್ಲ ಬೆತ್ತದ ಮೇಲೆ.

ಅಡುಗೆಮನೆಯ ಮುಂದೆ ಟ್ರಂಕು ಇಡಿಸಿ ಅದರ ಮೇಲೆ ತಾನೇ ಕೂತಳು. ಬಕೆಟ್ಟು, ತೆಂಗಿನ ನಾರು, ಸೋಡಾಪುಡಿ ಮೊದಲೇ ತಂದಿಟ್ಟಿದ್ದಳು. ಎದ್ದು ಗೋಡೆಯ ಮೇಲೆ ಬೆರಳೆಳೆದು ಬಂದು, ಕರ್ರಗಾದ ಆ ಬೆರಳನ್ನು ಸುಬೇದಾರನ ಮೂಗಿನ ಮುಂದೆ ಹಿಡಿದಳು.

"ಇದೇನ್ರಿ ಸಾಹೇಬ್ರ? ಮಸಿ. ಇದೆಲ್ಲಾ ಹೋಗಬೇಕು. ಹೋದ ಮ್ಯಾಲೆ ಕೀಲಿ."

ಅವನು ಬೆರಳು ನೋಡಿದ. ಮುಖದ ಮೇಲೆ ಏನೂ ಹಾದುಹೋಗಲಿಲ್ಲ. "ಹೌದು, ಸ್ವಚ್ಛ ಇರಬೇಕು," ಎಂದು ಒಪ್ಪಿಕೊಂಡ. ಆಮೇಲೆ ಗದ್ದವನ್ನು ಹೆಂಡತಿಯ ಕಡೆ ಎತ್ತಿದ.

ಅಹಲ್ಯಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ನಾರನ್ನು ನೀರಲ್ಲಿ ಅದ್ದಿದಳು. ಗೋಡೆಗೆ ಮುಖ ಮಾಡಿ, ಮೊಣಕಾಲೂರಿ ತಿಕ್ಕತೊಡಗಿದಳು. ಕಪ್ಪು ನೀರು ಆಕೆಯ ಮೊಣಕೈಯಿಂದ ಸೀರೆಗೆ ಇಳಿಯಿತು. ಒಂದು ಉಸಿರು, ಒಂದು ಸಿಳ್ಳೆ. ಸುಬೇದಾರ ಬಾಗಿಲಿಗೆ ಆತು ನಿಂತು ಬೆತ್ತ ಚಾಚಿದ: "ಮ್ಯಾಲೆ. ಇನ್ನೂ ಮ್ಯಾಲೆ."

ಸಾವಿತ್ರಿಬಾಯಿ ಟ್ರಂಕಿನ ಮೇಲೆ ಕಲ್ಲಾಗಿ ಕೂತಳು. ತನ್ನ ಬೆನ್ನನ್ನು ತಾನು ಯಾವತ್ತೂ ನೋಡಿರಲಿಲ್ಲ. ಆವತ್ತು ಹೀಗೇ ಕಂಡಿರಬೇಕು. ಇಷ್ಟು ದಿನ ಕಾದು, ಹಲ್ಲು ಕಚ್ಚಿ, ಹಬ್ಬದಂತೆ ತಯಾರಿ ಮಾಡಿ ತಂದ ಸೇಡು ಹೋಗಿ ಯಾರ ಮೇಲೆ ಬಿತ್ತು! ಇಂಥ ದಡ್ಡತನವೇ? ಇಂಥವನ ಮನೆಯಲ್ಲಿ ಕೆಲಸ ಹೇಳಿದರೆ ಯಾರ ಕೈಗೆ ಹೋಗುತ್ತದೆಂದು ತನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕಿತ್ತು? ನಾಚಿಕೆಯಾಯಿತು. ನಾಚಿಕೆಗೆ ಸಿಟ್ಟು ಕಡಿಮೆಯಾಗುತ್ತದೆ ಅನ್ನುತ್ತಾರೆ. ಆಕೆಗೆ ಇಮ್ಮಡಿಯಾಯಿತು.

ಒಳಗೆ ನುಗ್ಗಿ ಅಹಲ್ಯಾಬಾಯಿಯ ಕೈಯಿಂದ ನಾರು ಕಿತ್ತುಕೊಂಡಳು. ಹೊಡೆಯುತ್ತಾರೇನೋ ಎಂಬಂತೆ ಅಹಲ್ಯಾಬಾಯಿ ತೋಳು ಅಡ್ಡ ಹಿಡಿದಳು.

"ಏಳ್ರಿ ಅಕ್ಕಾರ. ಬಂದು ಟ್ರಂಕಿನ ಮ್ಯಾಲೆ ಕೂಡ್ರಿ." ಆಮೇಲೆ ತಿರುಗಿ, "ಸಾಹೇಬ್ರ, ಬೆತ್ತ ಇಲ್ಲಿ ಕೊಡ್ರಿ. ಇದನ್ನ ಹಿಡೀರಿ."

"ನಾನಾ?" ಸುಬೇದಾರ ನಕ್ಕೇಬಿಟ್ಟ. "ಹೆಂಗಸರ ಕೆಲಸ ಅದು, ಬಾಯಿ."

"ಪಂಜಾಬಿನ ಛಾವಣಿ. ಮೂಲಿ ಕ್ವಾರ್ಟರು. ಮೈಯಾಗ ಆರಾಮಿಲ್ಲ ಅಂತ ನಿಮಗ ಅಣ್ಣಾವ್ರ ಅಂತ ಕರದಿದ್ದೆ. ಕೂಸು ಹೋಗಿ ವಾರ ಆಗಿದ್ದಿಲ್ಲ. ಗ್ವಾಡಿ ತಿಕ್ಕಿಸಿದ್ರಿ. ನೆನಪೈತಿ?"

ಅವನು ಹುಬ್ಬು ಗಂಟಿಕ್ಕಿ ಆಕೆಯನ್ನು ಮೊದಲ ಸಲ ಸರಿಯಾಗಿ ನೋಡಿದ. ಹುಡುಕಿದ, ಸಿಗಲಿಲ್ಲ. ನಾಟಕವಲ್ಲ, ನಿಜವಾಗಿಯೂ ಸಿಗಲಿಲ್ಲ. "ಅಂಥಾ ಕ್ವಾರ್ಟರ್ ಎಷ್ಟ್ ನೋಡೀನೋ. ಯಾವುದಂತ ನೆನಪಿಡಲಿ?"

ಸಾವಿತ್ರಿಬಾಯಿ ನಾರನ್ನು ಬಕೆಟ್ಟಿಗೆ ಹಾಕಿದಳು. ತಾನು ಅರ್ಧ ಆಯುಷ್ಯ ಹೊತ್ತು ತಿರುಗಿದ್ದು ಇವನಲ್ಲಿ ಒಂದು ಗೀರಾಗಿಯೂ ಉಳಿದಿಲ್ಲ. ಆಗ ಟ್ರಂಕಿನ ಮೇಲಿಂದ ಸಣ್ಣ ದನಿ ಬಂತು.

"ನನಗ ನೆನಪೈತಿ."

ಇಬ್ಬರೂ ತಿರುಗಿದರು. ಅಹಲ್ಯಾಬಾಯಿ ಕಪ್ಪಾದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದಳು.

"ಆವತ್ತು ಊಟಕ್ಕ ಕೂತಾಗ ಹೇಳಿದ್ರಿ. ಒಬ್ಬಾಕಿ ನಮ್ಮ ಕಡೀದಾಕಿ, ಅಳಕೋತ ಅಣ್ಣಾ ಅಂದ್ಲು, ಸಲಿಗಿ ಕೊಡಲಿಲ್ಲ, ಗ್ವಾಡಿ ತಿಕ್ಕಿಸಿ, ಮೂಲಿಯೊಳಗ ಇನ್ನೂ ಐತಿ ಅಂದು ರೈಲು ತಪ್ಪಿಸಿದೆ ಅಂತ. ನಕ್ಕೋತ ಹೇಳಿದ್ರಿ. ಇನ್ನೊಂದು ರೊಟ್ಟಿ ಕೇಳಿದ್ರಿ." ಉಸಿರು ಎಳೆದುಕೊಂಡಳು. "ನಾ ಹಾಕಿದೆ."

ಹೊರಗೆ ಕಲ್ಲು ತುಂಬಿದ ಲಾರಿಗಳು ವಿಮಾನ ನಿಲ್ದಾಣದ ಕಡೆ ಹೋಗುವ ಸದ್ದು ಕೇಳುತ್ತಿತ್ತು. ಪ್ರಹ್ಲಾದರಾವ್ ಹೆಂಡತಿಯನ್ನು ಕಣ್ಣು ಬಿಟ್ಟು ನೋಡಿದ. ಆ ಕಣ್ಣಿಗೆ ಆಕೆ ಎಷ್ಟು ಸಲ ತಲೆ ತಗ್ಗಿಸಿದ್ದಳೋ. ಈ ಸಲ ಆಕೆ ತಲೆ ಎತ್ತಿ, ಅವನ ಮುಖವನ್ನೇ ನೋಡುತ್ತ ಕೂತಳು.

ಸಾವಿತ್ರಿಬಾಯಿ ಸೊಂಟದ ಸಂಚಿ ಬಿಚ್ಚಿದಳು. ಕೀಲಿಯನ್ನು ಅಹಲ್ಯಾಬಾಯಿಯ ಮಸಿಗೈಯಲ್ಲಿಟ್ಟು ಬೆರಳು ಮಡಿಸಿದಳು. "ಮನಿ ನಿಮ್ಮ ಹೆಸರಿಗೆ, ಅಕ್ಕಾರ. ಮಾಲಕನ ಹೆಂಡತಿಗೂ ಹಂಗೇ ಹೇಳ್ತೀನಿ. ಇವ್ರನ್ನ ಒಳಗ ಕರ್ಕೊಳ್ಳೋದು, ಬಿಡೋದು ನಿಮಗ ಬಿಟ್ಟಿದ್ದು."

ಅಹಲ್ಯಾಬಾಯಿ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿದಳು, ಎರಡು ಗಂಟು. ಎಳೆದು ಬಿಗಿ ನೋಡಿದಳು. ಆಮೇಲೆ ಗಂಡನ ಕಡೆ ಗದ್ದ ಎತ್ತಿದಳು.

ಸುಬೇದಾರ ಬಾಗಿಲ ಕಡೆ ನೋಡಿದ. ಬಾಗಿಲಾಚೆ ಇದ್ದದ್ದು ಧೂಳು, ಅದರಾಚೆ ಎತ್ತಿಸಲಿರುವ ತಗಡಿನ ಕ್ಯಾಬಿನ್. ಬೆತ್ತವನ್ನು ಗೋಡೆಗೆ ಒರಗಿಸಿದ. ಅಂಗಿಯ ತೋಳು ಮಡಿಸಿದ. ಮೊಣಕಾಲು ಒಂದೊಂದಾಗಿ ನೆಲಕ್ಕೆ ಬಂದವು, ಕೀಲುಗಳು ಲಟಲಟ ಅಂದವು.

ಸಾವಿತ್ರಿಬಾಯಿ ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದಳು. ಕರುಣೆ ಬಂದೀತೇನೋ ಎಂದು ತುಸು ಹೆದರಿದ್ದಳು, ಬರಲಿಲ್ಲ. ಹಾಯೆನಿಸಿತು. ಬೀದಿಯ ಚಾ ಅಂಗಡಿಯಿಂದ ಒಂದೇ ಒಂದು ಚಾ ತರಿಸಿ ಅಹಲ್ಯಾಬಾಯಿಯ ಕೈಗೆ ಕೊಟ್ಟಳು. "ನೀರೂ ಕುಡೀರಿ ಬೇಕಾದಷ್ಟು. ಪಾಯಖಾನಿ ಹಿತ್ತಲದಾಗ ಐತಿ," ಎಂದು ಚಪ್ಪಲಿ ಮೆಟ್ಟಿಕೊಂಡಳು.

ಬಚ್ಚಲ ಕಿಂಡಿಯಿಂದ ಕಪ್ಪು ನೀರು ಅಂಗಳಕ್ಕೆ ಹರಿದು ಬರುತ್ತಿತ್ತು. ಆಕೆ ಅದನ್ನು ದಾಟಿ ಗೇಟು ತೆಗೆಯುವಾಗ ಒಳಗೆ ನಾರಿನ ಸದ್ದು ನಿಂತಿತು. ಬಸಿ ಮೇಲೆ ಚಾದ ಕಪ್ಪು ಇಟ್ಟ ಸದ್ದು. ಆಮೇಲೆ ಅಹಲ್ಯಾಬಾಯಿಯ ದನಿ, ಅವಸರವಿಲ್ಲದ ದನಿ:

"ಮೂಲಿಯೊಳಗ ಇನ್ನೂ ಐತಿ ನೋಡ್ರಿ."

ಆಮೇಲೆ ತಿಕ್ಕುವ ಸದ್ದು ಮತ್ತೆ ಶುರುವಾಯಿತು.