ತಮ್ಮನ ಚುಕ್ಕಿ

ತಮ್ಮನ ಮಾತನ್ನು ಕಣ್ಣು ಮುಚ್ಚಿ ನಂಬುವುದನ್ನು ಅಕ್ಕ ಬಿಟ್ಟು ಮೂವತ್ತು ವರ್ಷವಾಗಿತ್ತು. ಏಳನೇ ಕ್ಲಾಸಿನಲ್ಲಿ ಆ ಮಹಾಶಯ ಅಂಕಪಟ್ಟಿಯಲ್ಲಿ ಗಣಿತದ 36 ಅನ್ನು ಪೆನ್ನಿನಲ್ಲಿ ತಿದ್ದಿ 86 ಮಾಡಿಕೊಂಡು ಬಂದಿದ್ದ. ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದ ಮೇಲೆ, ಶಾಯಿಯ ಬಣ್ಣ ಬೇರೆಯಿದೆ ಎಂದು ಕಂಡುಹಿಡಿದವಳು ಇವಳೇ. ಅಂದಿನಿಂದ ಅವನು ಈಗ ಹಗಲು ಎಂದರೂ ಇವಳು ಒಮ್ಮೆ ಕಿಟಕಿಯಾಚೆ ಇಣುಕುತ್ತಾಳೆ. ಹಾಗಿರುವಾಗ ಅವನು ಹೊಸದಾಗಿ ಸಿಡಿದ ನಕ್ಷತ್ರವೊಂದನ್ನು ಕಂಡುಹಿಡಿದಿದ್ದೇನೆ ಎಂದರೆ ಸುಮ್ಮನೆ ಬಿಟ್ಟಾಳೆಯೇ?

ಇಬ್ಬರಿಗೂ ಕೆಲಸ ಒಂದೇ ಕಚೇರಿಯಲ್ಲಿ. ಬಾಹ್ಯಾಕಾಶದಲ್ಲಿರುವ ದೂರದರ್ಶಕ ಕಳಿಸುವ ಚಿತ್ರಗಳೆಲ್ಲ ಅಲ್ಲಿಗೆ ಬರುತ್ತವೆ. ಬಂದಾಗ ಅವು ನೋಡುವ ಹಾಗಿರುವುದಿಲ್ಲ. ಮೇಲೆ ಹಾರಾಡುವ ಕಣಗಳು ದೂರದರ್ಶಕದ ಕಣ್ಣಿಗೆ ಬಡಿದು, ಚಿತ್ರದ ತುಂಬ ಬಿಳಿ ಚುಕ್ಕಿಗಳಾಗಿ ಬಿದ್ದಿರುತ್ತವೆ. ಕಚೇರಿಯವರು ಅದಕ್ಕೆ ಕೊಳೆ ಎನ್ನುತ್ತಾರೆ. ಯಾವುದು ಕೊಳೆ, ಯಾವುದು ನಕ್ಷತ್ರ ಎಂದು ನೋಡಿ, ಕೊಳೆಯನ್ನು ಒರೆಸುವುದು ಇವಳ ಕೆಲಸ. ಹದಿನಾಲ್ಕು ವರ್ಷದಿಂದ ಒರೆಸುತ್ತಿದ್ದಾಳೆ. ನಿರ್ದೇಶಕರಿಂದ ಹಿಡಿದು ಕಾವಲಿನವನವರೆಗೆ ಎಲ್ಲರಿಗೂ ಅವಳು ‘ಒರೆಸೋ ಅಕ್ಕ’. ಅವಳು ಒರೆಸಿದ ಚಿತ್ರವನ್ನು ಇನ್ನೊಬ್ಬರು ತಿರುಗಿ ನೋಡುವ ಪದ್ಧತಿಯೇ ಇಲ್ಲ. ಅದರ ಜಂಬವೂ ಅವಳಿಗೆ ಸ್ವಲ್ಪ ಇತ್ತು, ಸುಳ್ಳೇಕೆ ಹೇಳಬೇಕು.

ತಮ್ಮ ಸೇರಿ ಐದು ವರ್ಷ. ಆಕಾಶದ ಒಂದು ಮೂಲೆಯನ್ನು ದೂರದರ್ಶಕ ಒಂಬತ್ತು ವರ್ಷದ ಹಿಂದೊಮ್ಮೆ ತೆಗೆದಿತ್ತು, ಈ ವರ್ಷ ಮತ್ತೆ ತೆಗೆಯಿತು. ಹಳೆಯದರಲ್ಲಿ ಕತ್ತಲೆಯಿದ್ದ ಜಾಗದಲ್ಲಿ ಹೊಸದರಲ್ಲಿ ಚುಕ್ಕಿಯಿದೆ, ಅಂದರೆ ಈ ನಡುವೆ ನಕ್ಷತ್ರವೊಂದು ಸಿಡಿದು ಬೆಳಗಿದೆ ಎಂಬುದು ಅವನ ಮಾತು. ಸಂಜೆ ನಾಲ್ಕಕ್ಕೆ ಸಭಾಂಗಣದಲ್ಲಿ ಪತ್ರಿಕೆಯವರ ಮುಂದೆ ಪ್ರಕಟಣೆ. ಅಮ್ಮ ಮುಂದಿನ ಸಾಲಿನಲ್ಲಿ ಕೂರುವುದೆಂದು ಬೆಳಿಗ್ಗೆ ಆರಕ್ಕೇ ತಲೆ ಬಾಚಿಕೊಂಡು ತಯಾರಾಗಿದ್ದಳು.

ಅಕ್ಕನ ತಲೆಗೆ ಹುಳ ಹೊಕ್ಕದ್ದು ಬೇರೆ ಕಾರಣಕ್ಕೆ. ಹೊಸ ಚಿತ್ರ ಅವಳ ಕೋಣೆಗೆ ಬರಲೇ ಇಲ್ಲ. ತಮ್ಮ ಅದನ್ನು ಪಕ್ಕದ ಕೋಣೆಯವರಿಂದ ಒರೆಸಿಸಿಕೊಂಡಿದ್ದ. ಯಾಕೋ ಎಂದು ಕೇಳಿದರೆ, ಅಕ್ಕನೇ ಮಾಡಿಕೊಟ್ಟಳು ಎಂದು ನಾಲ್ಕು ಜನ ಆಡಿಕೊಳ್ಳಬಾರದಲ್ಲ ಎಂದು ಹಲ್ಲು ಕಿರಿದ. ಆಹಾ, ಏನು ಮರ್ಯಾದಸ್ಥ! ಇವಳ ಕಣ್ಣಿಗೆ ಬಿದ್ದರೆ ಬಣ್ಣ ಬಯಲಾಗುತ್ತದೆ ಎಂದೇ ತಪ್ಪಿಸಿದ್ದಾನೆ ಎಂದುಕೊಂಡಳು. ಮುಂದೊಂದು ದಿನ ಹೊರಗಿನವರು ಹಿಡಿದರೆ ಅವನ ಹೆಸರು, ಕೆಲಸ ಎರಡೂ ಮಣ್ಣುಪಾಲು. ನಾಲ್ಕರೊಳಗೆ ತಾನೇ ಹಿಡಿದರೆ ಮನೆಯೊಳಗೇ ಮುಗಿಯುತ್ತದೆ. ಬೈಯುವ ಆಸೆಗಿಂತ ಆ ಭಯವೇ ಅವಳಿಗೆ ಹೆಚ್ಚಾಗಿತ್ತು.

ಊಟ ಬಿಟ್ಟು ನೆಲಮಾಳಿಗೆಗೆ ಇಳಿದಳು. ಆಕಾಶದಿಂದ ಬಂದದ್ದು ಬಂದಂತೆಯೇ ಇರುವ ಮೂಲ ಚಿತ್ರಗಳು ಅಲ್ಲಿ ಉಗ್ರಾಣದಯ್ಯನ ಸುಪರ್ದಿನಲ್ಲಿವೆ. ಅವನ್ನು ತೆಗೆದು ನೋಡಬಹುದು, ತಿದ್ದಲು ಬ್ರಹ್ಮನಿಗೂ ಆಗದು. ಮೊದಲು ಹೊಸದನ್ನು ತೆಗೆಸಿದಳು. ಈಗ ಒಂದೇ ಜಾಗವನ್ನು ನಾಲ್ಕು ಸಲ ತೆಗೆಯುತ್ತಾರೆ. ಕೊಳೆಯಾದರೆ ಒಂದರಲ್ಲಿರುತ್ತದೆ, ಮಿಕ್ಕವುಗಳಲ್ಲಿರುವುದಿಲ್ಲ. ತಮ್ಮನ ಚುಕ್ಕಿ ನಾಲ್ಕರಲ್ಲೂ ಅದೇ ಜಾಗದಲ್ಲಿ ಕೂತಿತ್ತು. ಅಂದರೆ ಅದು ನಿಜವಾದ ನಕ್ಷತ್ರ, ಅವನು ಇಟ್ಟದ್ದಲ್ಲ. ಅಷ್ಟಕ್ಕೇ ಮೇಲೆ ಹೋಗಬಹುದಿತ್ತು. ಆದರೆ ಅನುಮಾನ ಬಿಡಬೇಕಲ್ಲ. ಹಳೆಯ ಮೂಲವನ್ನೂ ತೆಗೆಯಿರಿ ಎಂದಳು. ಉಗ್ರಾಣದಯ್ಯ ಗೊಣಗುತ್ತಲೇ ತೆಗೆದ.

ಒಂಬತ್ತು ವರ್ಷದ ಹಿಂದಿನ ಮೂಲದಲ್ಲೂ ಚುಕ್ಕಿ ಇತ್ತು. ಅದೇ ಜಾಗ, ಅಷ್ಟೇ ಬೆಳಕು. ಎಲ್ಲರೂ ನೋಡುವ ಹಳೆಯ ಚಿತ್ರದಲ್ಲಿ ಮಾತ್ರ ಅದಿಲ್ಲ. ಅಂದರೆ ಯಾರೋ ಒರೆಸಿದ್ದಾರೆ. ಹಳೆಯದರಲ್ಲಿ ಒರೆಸಿಬಿಟ್ಟರೆ ಹೊಸದರಲ್ಲಿರುವುದು ತಾನಾಗಿಯೇ ಹೊಸ ನಕ್ಷತ್ರವಾಗುತ್ತದೆ. ಮೂವತ್ತಾರನ್ನು ಎಂಬತ್ತಾರು ಮಾಡಿದ ಕೈ ಇನ್ಯಾರದಿದ್ದೀತು? ಮೂಲದ ಪ್ರತಿಯನ್ನು ಕೈಯಲ್ಲಿ ಹಿಡಿದು, ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಬಂದಳು. ಗಂಟೆ ಮೂರೂವರೆ.

ತಮ್ಮ ಕನ್ನಡಿಯ ಮುಂದೆ ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತಿದ್ದ. ಅಕ್ಕ ಬಾಗಿಲು ಹಾಕಿ, ಪ್ರತಿಯನ್ನು ಮೇಜಿನ ಮೇಲೆ ಬಡಿದಳು.

“ಇದನ್ನ ಒರೆಸಿದ್ದು ನೀನೇ ತಾನೆ? ನಿಜ ಬೊಗಳು.”

ಅವನು ಪ್ರತಿಯನ್ನು ನೋಡಿದ, ಅಕ್ಕನ ಮುಖ ನೋಡಿದ, ಮತ್ತೆ ಪ್ರತಿಯನ್ನು ನೋಡಿದ. ಮುಖದ ಬಣ್ಣ ಇಳಿಯಿತು. ನೋಡಿದೆಯಾ, ಸಿಕ್ಕಿಬಿದ್ದ ಎಂದುಕೊಂಡಳು ಅಕ್ಕ, ಆದರೆ ಖುಷಿಯಾಗಲಿಲ್ಲ. ಅಮ್ಮನಿಗೆ ಏನು ಹೇಳುವುದು, ಆಗಿನಂತೆ ಈಗಲೂ ಅವಳ ಮರ್ಯಾದೆ ಕಳೆಯುತ್ತೀಯಲ್ಲೋ ಎಂದು ಒಂದೇ ಉಸಿರಿಗೆ ಬೈದಳು. ಅವನು ಕಂಪ್ಯೂಟರಿನಲ್ಲಿ ಹಳೆಯ ಚಿತ್ರವನ್ನು ತೆರೆದು, ಅದರ ಕೆಳಗಿನ ಸಾಲಿಗೆ ಬೆರಳಿಟ್ಟ. ಪ್ರತಿ ಚಿತ್ರದ ಕೆಳಗೂ ಒರೆಸಿದವರ ನಂಬರ್ ಇರುತ್ತದೆ. ಬಂದ ಸಿಟ್ಟಿನಲ್ಲಿ ಅದನ್ನು ನೋಡುವ ವ್ಯವಧಾನವೇ ಅವಳಿಗಿರಲಿಲ್ಲ.

“ಹದಿನೇಳು,” ಎಂದ. “ನಿನ್ನ ನಂಬರ್ ಅಕ್ಕ.”

ಅವಳು ಕುರ್ಚಿ ಹುಡುಕಿ ಕೂತಳು. ಆ ಕಾಲದಲ್ಲಿ ಕೆಲವು ಜಾಗಗಳನ್ನು ಒಂದೇ ಸಲ ತೆಗೆಯುತ್ತಿದ್ದರು. ಹೋಲಿಸಿ ನೋಡಲು ಇನ್ನೊಂದಿರುತ್ತಿರಲಿಲ್ಲ, ಕಣ್ಣಂದಾಜೇ ಗತಿ. ಇದೇಕೋ ಮೊನಚಾಗಿದೆ, ಕೊಳೆಯೇ ಇರಬೇಕು ಎಂದು ಯಾವುದೋ ಒಂದು ಬೆಳಿಗ್ಗೆ ಒರೆಸಿ, ಮುಂದಿನದಕ್ಕೆ ಹೋಗಿದ್ದಾಳೆ. ನೆನಪೂ ಇಲ್ಲ. ಒರೆಸಿದ ಸಾವಿರಾರು ಚುಕ್ಕಿಗಳಲ್ಲಿ ಇದೊಂದು.

“ಮೂಲ ತೆಗೆದು ನೋಡಬಾರದಿತ್ತೇನೋ?” ಎಂದಳು.

“ಬೇರೆಯವರ ನಂಬರ್ ಇದ್ದಿದ್ರೆ ನೋಡ್ತಿದ್ದೆ,” ಎಂದ ತಮ್ಮ. “ಅಕ್ಕ ಒರೆಸಿದ್ದು ಅಂತ ಬಿಟ್ಟೆ.”

ಅವನ ಮಾತಿನಲ್ಲಿ ಕುಟುಕು ಇದೆಯೇ ಎಂದು ಅವಳು ಅಭ್ಯಾಸಬಲದಿಂದ ಹುಡುಕಿದಳು. ಇರಲಿಲ್ಲ. ಹೊರಗೆ ಪತ್ರಿಕೆಯವರು ಕುರ್ಚಿ ಎಳೆದುಕೊಳ್ಳುವ ಸದ್ದು ಕೇಳುತ್ತಿತ್ತು. ಅವನು ಭಾಷಣದ ಹಾಳೆಯನ್ನು ಎರಡಾಗಿ ಮಡಿಸಿ, ಈಗ ಹೋಗಿ ಏನಂತ ಹೇಳಲಿ ಎಂದ. ಮೂವತ್ತು ವರ್ಷ ಅವನನ್ನು ಅಳೆದ ಅಳತೆಗೋಲು ನೆನೆದು ಅವಳಿಗೆ ನಾಚಿಕೆಯಾಯಿತು. ಎದ್ದು ಆ ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡಳು.

“ನೀನಲ್ಲ, ನಾನು ಹೇಳ್ತೀನಿ. ಒರೆಸಿದವಳು ನಾನು.”

ಸಭಾಂಗಣದಲ್ಲಿ ಮಗನ ಬದಲು ಮಗಳು ಮೈಕಿನ ಹತ್ತಿರ ಬರುವುದನ್ನು ಕಂಡು ಅಮ್ಮನಿಗೆ ಏನೂ ತಿಳಿಯಲಿಲ್ಲ. ಇಬ್ಬರೂ ಸೇರಿ ಕಂಡುಹಿಡಿದಿರಬೇಕು ಎಂದುಕೊಂಡು, ಮಗಳು ಬಾಯಿ ತೆರೆಯುವ ಮೊದಲೇ ಚಪ್ಪಾಳೆ ತಟ್ಟತೊಡಗಿದಳು.